ಮುಚ್ಚಿಕೊಳ್ಳಲು ಬಾಗಿಲಿಲ್ಲದವರ ಮೌನ



ಮೌನದ ಬಗ್ಗೆ ಮಾತನಾಡಲು ನನ್ನ ಕೈಗೆ ಮೈಕು ಕೊಟ್ಟಿದ್ದೀರಿ. ಇದರ ತಮಾಷೆ ನಿಮಗೂ ಹೊಳೆದಿರಬೇಕು! ಪ್ರಾರ್ಥಿಸುವವನು ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿಕೊಳ್ಳಬೇಕೆಂದು ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಕಲಿಸುತ್ತಾರೆ. ಊರಿನಲ್ಲಿ ಇದನ್ನು ಕೇಳುವಾಗ ಯಾರೂ ಹೆಚ್ಚು ಯೋಚಿಸುವುದಿಲ್ಲ. ಇಲ್ಲಿ ಹಾಗಲ್ಲ. ಕರಾಮದಲ್ಲಿ ಬೆಡ್ ಸ್ಪೇಸ್ ಹಿಡಿದಿರುವವನಿಗೆ, ಸೋನಾಪುರದ ಕ್ಯಾಂಪಿನಲ್ಲಿ ಮೇಲಿನ ಮಂಚದಲ್ಲಿ ಮಲಗುವವನಿಗೆ, ಮುಚ್ಚಿಕೊಳ್ಳಲು ಬಾಗಿಲು ಎಲ್ಲಿದೆ? ಒಬ್ಬ ನೈಟ್ ಡ್ಯೂಟಿಗೆ ಹೊರಡುವಾಗ ಇನ್ನೊಬ್ಬ ಬೋಟಿಮ್‌ನಲ್ಲಿ ಊರಿಗೆ ಕಾಲ್ ಮಾಡುತ್ತಿರುತ್ತಾನೆ. ಮತ್ತೊಬ್ಬನ ಅಲಾರಾಂ ಬೆಳಗಿನ ನಾಲ್ಕಕ್ಕೇ ಬಡಿದುಕೊಳ್ಳುತ್ತದೆ. ಹಾಗಾದರೆ ಮೌನ ಪ್ರಾರ್ಥನೆ ಎಂಬುದು ವಿಲ್ಲಾದಲ್ಲಿ ವಾಸಿಸುವವರ ಭಕ್ತಿಯೇ? ನಾನು ಇಂದು ಹಿಡಿದಿರುವ ಪ್ರಶ್ನೆ ಇದೇ.

ಇನ್ನೊಂದು ಮೌನವೂ ನಮ್ಮ ನಡುವೆ ಇದೆ. ಎರಡು ತಿಂಗಳಿಂದ ಸಂಬಳ ಬಂದಿಲ್ಲ ಎಂದು ಹೆಂಡತಿಗೆ ಹೇಳಲಾರದವನ ಮೌನ. ತನ್ನ ಭಾಷೆಯಲ್ಲಿ ಒಂದು ಮಾತಾಡಲು ದಿನವಿಡೀ ಯಾರೂ ಸಿಗದ ಮನೆಗೆಲಸದ ಹೆಣ್ಣುಮಗಳ ಮೌನ. ಅದನ್ನು ಪ್ರಾರ್ಥನೆ ಎಂದು ಕರೆಯಲು ನಾನು ಒಪ್ಪುವುದಿಲ್ಲ. ಅಂಥವರಿಗೆ ಸುಮ್ಮನಿರಿ, ದೇವರು ನೋಡಿಕೊಳ್ಳುತ್ತಾನೆ ಎಂದು ಉಪದೇಶ ಮಾಡುವುದು ತಪ್ಪು. ಅವರಿಗೆ ಮೊದಲು ಬೇಕಾದದ್ದು ಕೇಳುವ ಕಿವಿ. ಕೀರ್ತನೆಗಳಲ್ಲಿ ಅಳಲು ಇದೆ, ದೂರು ಇದೆ, ದೇವರ ಮೇಲಿನ ಸಿಟ್ಟೂ ಇದೆ. ಅದನ್ನೆಲ್ಲ ಹೊರಹಾಕಿದ ಮೇಲೆ ಬರುವ ಮೌನವೇ ಬೇರೆ.

ಆ ಮೌನ ಈ ನೆಲಕ್ಕೆ ಹೊಸದಲ್ಲ. ಅಬುಧಾಬಿಯ ಪಶ್ಚಿಮಕ್ಕಿರುವ ಸರ್ ಬನಿ ಯಾಸ್ ದ್ವೀಪದಲ್ಲಿ 1992ರಲ್ಲಿ ಒಂದು ಕ್ರೈಸ್ತ ಮಠದ ಅವಶೇಷ ಪತ್ತೆಯಾಯಿತು. ಅದು 7–8ನೇ ಶತಮಾನದ್ದು, ಸಿರಿಯಾಕ್ ಪರಂಪರೆಯ ಪೂರ್ವದ ಸಭೆಗೆ ಸೇರಿದ್ದು. ಉಮ್ ಅಲ್ ಕುವೈನ್‌ನ ಸಿನಿಯಾ ದ್ವೀಪದಲ್ಲಿ ಇನ್ನೊಂದು ಮಠ ಸಿಕ್ಕಿರುವುದನ್ನು 2022ರಲ್ಲಿ ಪ್ರಕಟಿಸಲಾಯಿತು. ಸರ್ ಬನಿ ಯಾಸ್‌ನಲ್ಲಿ ಒಂದು ಚರ್ಚು, ಅದರಿಂದ ಸ್ವಲ್ಪ ದೂರದಲ್ಲಿ ಅಲ್ಲಲ್ಲಿ ಅಂಗಳವಿರುವ ಸಣ್ಣ ಮನೆಗಳು. ಸನ್ಯಾಸಿಗಳು ಒಂಟಿಯಾಗಿಯೂ ಇದ್ದರು, ಒಟ್ಟಿಗೂ ಇದ್ದರು. ಒಬ್ಬನ ಏಕಾಂತವನ್ನು ಉಳಿದವರು ಕಾಯುತ್ತಿದ್ದರು ಎಂದೇ ನಾನು ಅದನ್ನು ಓದಿಕೊಳ್ಳುತ್ತೇನೆ.

ಅದೇ 7ನೇ ಶತಮಾನದವರು ನಿನೆವೆಯ ಸಂತ ಐಸಾಕ್. ಅವರ ಹುಟ್ಟೂರು ಈ ಕೊಲ್ಲಿಯ ತೀರದ ಬೇತ್ ಕತ್ರಾಯೆ, ಅಂದರೆ ಇಂದಿನ ಕತಾರ್ ಮತ್ತು ಅದರ ಆಸುಪಾಸು. ಧರ್ಮಾಧ್ಯಕ್ಷರಾದ ಐದೇ ತಿಂಗಳಿಗೆ ಪದವಿ ಬಿಟ್ಟು ಏಕಾಂತಕ್ಕೆ ಹೋದರು. ಮೌನದ ಬಗ್ಗೆ ಅವರಷ್ಟು ಆಳವಾಗಿ ಬರೆದವರು ಕಡಿಮೆ. 2024ರಲ್ಲಿ ಪೋಪ್ ಫ್ರಾನ್ಸಿಸ್ ಅವರ ಹೆಸರನ್ನು ಕಥೋಲಿಕ ಸಂತರ ಪಟ್ಟಿಗೆ ಸೇರಿಸಿದರು. (ನಮ್ಮ ಸಂಘಗಳ ಚುನಾವಣೆ ಬಂದಾಗಲೆಲ್ಲ ನನಗೆ ಆ ಐದು ತಿಂಗಳು ನೆನಪಾಗುತ್ತದೆ, ಅದು ಬೇರೆ ಮಾತು.)

ನಮ್ಮೂರಿಗೂ ಅರಬ್ಬರಿಗೂ ಈ ವಿಷಯದಲ್ಲಿ ಒಂದು ನಂಟಿದೆ. 1870ರಲ್ಲಿ ಮಂಗಳೂರಿಗೆ ಬಂದ ಕಾರ್ಮೆಲ್ ಸನ್ಯಾಸಿನಿಯರ ತಂಡದಲ್ಲಿ ಗಲಿಲೇಯದಲ್ಲಿ ಹುಟ್ಟಿದ ಒಬ್ಬ ಅರಬ್ ಹೆಣ್ಣುಮಗಳಿದ್ದರು, ಮರಿಯಂ ಬವಾರ್ದಿ. 1871ರ ನವೆಂಬರ್‌ನಲ್ಲಿ ಅವರು ಮಂಗಳೂರಿನಲ್ಲೇ ವ್ರತ ಸ್ವೀಕರಿಸಿದರು. 2015ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. ದುಡಿಮೆಗಾಗಿ ನಾವು ಅರಬ್ ನಾಡಿಗೆ ಬರುವ ಎಷ್ಟೋ ಮೊದಲೇ ಮೌನದ ಬಾಳಿಗಾಗಿ ಅವರು ನಮ್ಮೂರಿಗೆ ಬಂದಿದ್ದರು.

ಇನ್ನು, ಸುಮ್ಮನೆ ಕುಳಿತರೆ ಆಗುವುದೇನು? ಹೋರೇಬ್ ಬೆಟ್ಟದಲ್ಲಿ ಎಲೀಯನ ಮುಂದೆ ಬಿರುಗಾಳಿ, ಭೂಕಂಪ, ಬೆಂಕಿ ಎಲ್ಲವೂ ದಾಟಿಹೋದ ಮೇಲೆ ಒಂದು ಮೆಲುದನಿ ಕೇಳಿಸುತ್ತದೆ. ಮೂಲ ಹೀಬ್ರೂ ಪದಗಳಿಗೆ ತೆಳುವಾದ ಮೌನದ ದನಿ ಎಂಬ ಅರ್ಥವೂ ಬರುತ್ತದೆ. ಆಮೇಲೆ ಅವನಿಗೆ ಎದುರಾದದ್ದು ಸಮಾಧಾನದ ಮಾತಲ್ಲ, ನೀನು ಇಲ್ಲೇಕಿದ್ದೀ ಎಂಬ ಪ್ರಶ್ನೆ. ಪರದೇಶದಲ್ಲಿರುವ ನಮಗೆ ಅದು ಸಣ್ಣ ಪ್ರಶ್ನೆಯೇನಲ್ಲ. ಎರಡು ನಿಮಿಷ ಕುಳಿತರೆ ಸಾಕು, ಬ್ಯಾಂಕ್ ಸಾಲ, ವೀಸಾ, ಮಗಳ ಫೀಸು, ಅಮ್ಮನ ಮಂಡಿನೋವು ಒಂದರ ಹಿಂದೊಂದು ಬರುತ್ತವೆ. ಮನಸ್ಸು ನಿಲ್ಲುವುದಿಲ್ಲ ಎಂದು ಹಲವರು ಅಲ್ಲಿಗೇ ಎದ್ದುಬಿಡುತ್ತಾರೆ. ಗದ್ದಲದಲ್ಲಿ ನಾವು ಕೇಳಿಸಿಕೊಳ್ಳದೆ ತಳ್ಳಿದ್ದೇ ಆಗ ಮೇಲೆ ಬರುತ್ತಿರುತ್ತದೆ. ಅದನ್ನು ಒಂದೊಂದಾಗಿ ದೇವರ ಮುಂದಿಟ್ಟು, ಯೇಸುವಿನ ಹೆಸರನ್ನು ಉಸಿರಿನ ಜೊತೆ ಮೆಲ್ಲಗೆ ಹೇಳಿಕೊಂಡು ಕೂರುವುದು ಪೂರ್ವದ ಸನ್ಯಾಸಿಗಳ ಹಳೆಯ ರೂಢಿ. ಕ್ಯಾಂಪಿನ ಬಸ್ಸಿನಲ್ಲೂ ಇದನ್ನು ಮಾಡಬಹುದು, ಬಾಗಿಲು ಬೇಕಿಲ್ಲ.

ಆದರೂ ವಾರಕ್ಕೊಮ್ಮೆಯಾದರೂ ನಿಜವಾದ ನಿಶ್ಶಬ್ದ ಸಿಗಬೇಕಲ್ಲ? ಅದನ್ನು ಕೊಡಬೇಕಾದವರು ನಾವು. ರೋಮನ್ ಪೂಜಾಗ್ರಂಥದ ಸಾಮಾನ್ಯ ನಿರ್ದೇಶನದ 45ನೇ ಕಂಡಿಕೆಯ ಪ್ರಕಾರ ಮೌನವೂ ಬಲಿಪೂಜೆಯ ಒಂದು ಭಾಗ. ಪಾಪನಿವೇದನೆಯ ಹೊತ್ತಿನಲ್ಲಿ, ಗುರುಗಳು 'ಪ್ರಾರ್ಥಿಸೋಣ' ಎಂದ ಮೇಲೆ, ವಾಚನ ಅಥವಾ ಪ್ರಬೋಧನೆಯ ನಂತರ, ಪರಮಪ್ರಸಾದದ ನಂತರ ಸ್ವಲ್ಪ ಹೊತ್ತು ಮೌನವಿರಬೇಕು. ಪೂಜೆಗೆ ಮೊದಲೂ ದೇವಾಲಯದಲ್ಲಿ ಮೌನವಿರುವುದು ಒಳ್ಳೆಯದು ಎಂದೂ ಅದು ಹೇಳುತ್ತದೆ. ನಮ್ಮಲ್ಲಿ ಒಂದು ಭಾಷೆಯ ಪೂಜೆ ಮುಗಿಯುವ ಮೊದಲೇ ಇನ್ನೊಂದು ಭಾಷೆಯವರು ಬಾಗಿಲಲ್ಲಿ ನಿಂತಿರುತ್ತಾರೆ. ಪರಮಪ್ರಸಾದ ಮುಗಿಯುತ್ತಿದ್ದಂತೆ ಗಾಯನ ಮಂಡಳಿ ಮೂರನೇ ಹಾಡು ಎತ್ತಿಕೊಳ್ಳುತ್ತದೆ. ಅದರ ಬೆನ್ನಿಗೇ ಪ್ರಕಟಣೆಗಳು. ಹಾಡು ಚೆನ್ನಾಗಿಯೇ ಇರುತ್ತದೆ, ಹಾಡುವವರ ಶ್ರಮವೂ ನನಗೆ ಗೊತ್ತು. ಆದರೆ ವಾರದ ಒಂದೇ ರಜೆಯಲ್ಲಿ ಎರಡು ಬಸ್ಸು ಬದಲಿಸಿ ಬಂದು ಹಿಂದಿನ ಬೆಂಚಿನಲ್ಲಿ ಕುಳಿತವನಿಗೆ ಎರಡು ನಿಮಿಷದ ಮೌನ ಬೇರೆಲ್ಲಿಯೂ ಸಿಗುವುದಿಲ್ಲ. ಗಾಯನ ಮಂಡಳಿಯವರಲ್ಲಿ, ಸಂಘದ ಪದಾಧಿಕಾರಿಗಳಲ್ಲಿ ನನ್ನ ಕೋರಿಕೆ ಇಷ್ಟೇ: ಆ ಮೂರನೇ ಹಾಡನ್ನು ಅವನಿಗಾಗಿ ಬಿಟ್ಟುಕೊಡಿ.

ಯೋಬನ ಮೂವರು ಗೆಳೆಯರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕುಳಿತಿದ್ದರು. ಅವರು ಎಡವಿದ್ದು ಬಾಯಿ ತೆರೆದ ಮೇಲೆ. ಇಲ್ಲಿ ತಾಯಿ ತೀರಿಕೊಂಡ ಸುದ್ದಿ ಫೋನಿನಲ್ಲಿ ಬರುತ್ತದೆ, ರಜೆ ಸಿಗುವುದಿಲ್ಲ, ಮಣ್ಣಿಗೆ ಹೋಗಲಾಗುವುದಿಲ್ಲ. ಆ ರಾತ್ರಿ ಕೋಣೆಗೆ ಬರುವ ಕೆಲವರು ದೇವರ ಚಿತ್ತ ಎಂದು ಶುರುಮಾಡುತ್ತಾರೆ. ಟೀವಿ ಆರಿಸಿ, ಫೋನ್ ಬದಿಗಿಟ್ಟು, ಮಂಚದ ಪಕ್ಕ ನೆಲದ ಮೇಲೆ ಸುಮ್ಮನೆ ಕುಳಿತವರನ್ನೂ ನಾನು ಕಂಡಿದ್ದೇನೆ. ಅವರಲ್ಲಿ ಕ್ರೈಸ್ತರಲ್ಲದವರೂ ಇದ್ದರು. ಯಾರೋ ಚಹಾ ತಂದಿಟ್ಟರು, ಅದು ಹಾಗೆಯೇ ಆರಿಹೋಯಿತು. ಬೆಳಿಗ್ಗೆ ಕಂಪನಿಯ ಬಸ್ಸು ಬರುವವರೆಗೆ ಒಬ್ಬರೂ ಎದ್ದು ಹೋಗಲಿಲ್ಲ.