ಕಲ್ಲೊಳಗಿನ ದಂಡಾಳು

ವಿಜಯಪುರದ ಕಡೆಯಿಂದ ಬರುವ ಹೆದ್ದಾರಿ ಅನಗವಾಡಿಯಲ್ಲಿ ಘಟಪ್ರಭೆಯನ್ನು ದಾಟುತ್ತದೆ. ಆಲಮಟ್ಟಿಯ ಹಿನ್ನೀರು ತುಂಬಿದಾಗ ಸೇತುವೆಯ ಎರಡೂ ಮಗ್ಗುಲಿಗೆ ನೀರೇ ನೀರು. ಆಚೆಗೆ ಬಾಗಲಕೋಟೆ, ಅದನ್ನೂ ದಾಟಿದರೆ ಬಾದಾಮಿ, ಪಟ್ಟದಕಲ್ಲು, ಐಹೊಳೆ. ಈ ಸೀಮೆಯಲ್ಲಿ ಹಣಮಪ್ಪನ ಗುಡಿಯ ಗೋಡೆಗೋ ಅಗಸಿಯ ಪಕ್ಕಕ್ಕೋ ಒರಗಿದ ವೀರಗಲ್ಲು ಕಂಡರೆ ಅಚ್ಚರಿಯಿಲ್ಲ. ಎಣ್ಣೆ ಕುಡಿದು ಕಪ್ಪಾಗಿರುತ್ತದೆ, ಮೇಲೆ ಕುಂಕುಮ ಮೆತ್ತಿರುತ್ತದೆ.

ಇಂಥ ಕಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆ. ತುದಿಯಲ್ಲಿ ಶಿವಲಿಂಗದ ಮುಂದೆ ಕೈಮುಗಿದ ವೀರ, ನಡುವೆ ಅವನನ್ನು ಕೊಂಡೊಯ್ಯುವ ಅಪ್ಸರೆಯರು. ಅವೆರಡೂ ನಂಬಿಕೆ. ಕೆಳಗಿನದು ಕಾಳಗ, ಸಾಕ್ಷಿ ಬೇಕಾದವರು ಅಲ್ಲೇ ಕೂರಬೇಕು. ಆಳು ಒಂದು ಕಾಲು ಮುಂದಿಟ್ಟು ಬಾಗಿದ್ದಾನೆ. ಕೂದಲು ಹಿಂದಕ್ಕೆ ಎಳೆದು ಕಟ್ಟಿದ ತುರುಬು. ತೊಡೆಗೆ ಬಿಗಿದ ಕಾಸೆ, ನಡುವಿಗೆ ಸುತ್ತಿದ ದಟ್ಟಿ, ಅದರಲ್ಲಿ ಸಿಕ್ಕಿಸಿದ ಸುರಗಿ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಗುರಾಣಿ. ಬದಿಯಲ್ಲಿ ದನಗಳಿದ್ದರೆ ಅದು ತುರುಗಾಳಗದ ಕಲ್ಲು. ಎದೆ ಮಾತ್ರ ಬರಿದು.

ನಿಜಕ್ಕೂ ಬರಿಮೈಯಲ್ಲೇ ಕಾದಿದರೆ? ಊರ ದನ ಬಿಡಿಸಲು ಓಡಿದವನಿಗೆ ಕವಚ ಎಲ್ಲಿಂದ ಬರಬೇಕು, ಅವನ ಮಟ್ಟಿಗೆ ಕಲ್ಲನ್ನು ನಂಬಬಹುದು. ಅರಸನ ದಂಡಿನ ವಿಷಯದಲ್ಲಿ ನನಗೆ ಅನುಮಾನ. ಹತ್ತಿ ತುಂಬಿ ಹೊಲಿದ ಅಂಗಿಗೆ ಶಿಲ್ಪಿ ಹೊಲಿಗೆಯ ಗೆರೆ ಕೊರೆಯದಿದ್ದರೆ ಅದೂ ಮೈಯಂತೆಯೇ ಕಾಣುತ್ತದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನ ರಾವುತರ ಅಂಗಿಗಳಲ್ಲಿ ಗಟ್ಟಿ ಹಸಿ ಚರ್ಮದ ಪದರಗಳನ್ನೂ ಕಬ್ಬಿಣದ ತಗಡುಗಳನ್ನೂ ಕಂಡು ಬರೆದಿಟ್ಟಿದ್ದಾನೆ. ಕುತ್ತಿಗೆ ಮುಚ್ಚುವ ಅಂಚಿನ ಶಿರಸ್ತ್ರಾಣವನ್ನೂ ಮರೆತಿಲ್ಲ. ಹಂಪಿಯ ಹಜಾರರಾಮ ದೇಗುಲದ ಪ್ರಾಕಾರದ ಮೇಲೆ ಆನೆ, ಕುದುರೆ, ಕಾಲಾಳುಗಳ ಸಾಲುಸಾಲೇ ಸಾಗಿದೆ. ಆದರೆ ಪಾಯೆಸ್ ಹೇಳಿದ ರೇಷ್ಮೆ, ಮಕಮಲ್ಲು, ಚಿನ್ನದ ನೀರು ಆ ಕಲ್ಲಿನಲ್ಲಿ ಸಿಗುವುದಿಲ್ಲ.

ಕುದುರೆಯ ಮಾತಿಗೆ ಬಂದರೆ ಹಳೇಬೀಡೇ ಸರಿ. ಹೊಯ್ಸಳೇಶ್ವರದ ರಾವುತರ ಪಟ್ಟಿಕೆಯಲ್ಲಿ ಜೀನು, ಕಡಿವಾಣ, ರಿಕಾಪುಗಳನ್ನು ಬೆರಳಿಟ್ಟು ತೋರಿಸಬಹುದು. ಫ್ರೆಂಚ್ ವಿದ್ವಾಂಸ ಜಾನ್ ದೆಲೋಶ್ ಹೊಯ್ಸಳ ಶಿಲ್ಪಗಳ ಯುದ್ಧತಂತ್ರದ ಮೇಲೆಯೇ 1989ರಲ್ಲಿ ಒಂದು ಪುಸ್ತಕ ತಂದರು. ದ್ವಾರಪಾಲಕರ ಮೈತುಂಬ ಇರುವ ಆಭರಣ ನೋಡಿ ಸೈನಿಕನ ಉಡುಪು ಹೇಳಹೊರಟರೆ ಮಾತ್ರ ದಾರಿ ತಪ್ಪಿದಂತೆ.

ಬೇಗೂರಿನ ಗಂಗರ ಕಾಲದ ಕಲ್ಲು ಬೆಂಗಳೂರಿನ ವಸ್ತುಸಂಗ್ರಹಾಲಯ ಸೇರಿ ಉಳಿದುಕೊಂಡಿತು. ನಮ್ಮೂರುಗಳ ಕಲ್ಲುಗಳಿಗೆ ಆ ಭಾಗ್ಯವಿಲ್ಲ. ದಯವಿಟ್ಟು ಅವಕ್ಕೆ ಆಯಿಲ್ ಪೇಂಟ್ ಬಳಿಯಬೇಡಿ. ಬಣ್ಣ ತುಂಬಿಕೊಂಡರೆ ಮೊದಲು ಮಾಯವಾಗುವುದು ದಟ್ಟಿಯ ಮಡಿಕೆ ಮತ್ತು ಸುರಗಿಯ ಹಿಡಿ.