ಐದು ಅಕ್ಷರದಲ್ಲಿ ‘ಗದಗ’, ಹತ್ತರಲ್ಲಿ ‘ಮದರಸ’

ಮದರಸದಲ್ಲಿ ಕುರ್‌ಆನ್ ಸರಾಗವಾಗಿ ಓದುವ ಹುಡುಗ ಮೂರನೇ ಕ್ಲಾಸಿನ ಕನ್ನಡ ಪಾಠದ ಮುಂದೆ ತಡವರಿಸ್ತಾನೆ ಅಂದ್ರೆ ಅದು ದಡ್ಡತನ ಅಲ್ಲ. ಮನೆಯಲ್ಲಿ ಬ್ಯಾರಿ, ಮದರಸದಲ್ಲಿ ಅರಬಿ, ಶಾಲೆಯಲ್ಲಿ ಕನ್ನಡ, ಜೊತೆಗೆ ಇಂಗ್ಲಿಷ್. ಆರು ವರ್ಷದ ಮಗು ಇಷ್ಟನ್ನೂ ಒಟ್ಟಿಗೆ ಹೊರಬೇಕು. ಇದು ಕರಾವಳಿಯ ಕಥೆ ಮಾತ್ರವಲ್ಲ. ಘಟ್ಟದ ಮೇಲಿನ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಮುಸ್ಲಿಂ ಮನೆಗಳಲ್ಲೂ ಇದೇ ಪಾಡು. ಅಲ್ಲಿ ಬ್ಯಾರಿಯ ಜಾಗದಲ್ಲಿ ದಖನಿ ಉರ್ದು ಇದೆ, ಅಷ್ಟೆ.

ಮೂರನೇ ತರಗತಿ ದಾಟುವುದರೊಳಗೆ ಓದು ಕೈಗೂಡದಿದ್ದರೆ ಮುಂದಿನ ವಿಜ್ಞಾನ, ಸಮಾಜ, ಲೆಕ್ಕ ಎಲ್ಲವೂ ಕಬ್ಬಿಣದ ಕಡಲೆ. ಏಳನೆಯದಕ್ಕೇ ಶಾಲೆ ಬಿಟ್ಟು ಅಂಗಡಿಗೋ ಗ್ಯಾರೇಜಿಗೋ ಹೋಗುವ ಎಷ್ಟೋ ಮಕ್ಕಳ ಹಿನ್ನಡೆ ಶುರುವಾಗುವುದು ಇಲ್ಲಿಂದಲೇ. ಕೇಂದ್ರ ಸರ್ಕಾರ 2021ರಲ್ಲಿ ಆರಂಭಿಸಿದ ‘ನಿಪುಣ್ ಭಾರತ್’ ಕೂಡ ಮೂರನೇ ತರಗತಿ ಮುಗಿಸುವ ಮಗು ಅರ್ಥ ಮಾಡಿಕೊಂಡು ಓದಬೇಕು ಎಂಬ ಗುರಿಯನ್ನೇ ಇಟ್ಟುಕೊಂಡಿದೆ.

ನಲಿ-ಕಲಿಯ ಗುಟ್ಟು

ಇದಕ್ಕೊಂದು ದಾರಿಯನ್ನು ನಮ್ಮ ಸರ್ಕಾರಿ ಶಾಲೆಗಳು ಮೊದಲೇ ಕಂಡುಕೊಂಡಿವೆ. ಆಂಧ್ರದ ರಿಷಿವ್ಯಾಲಿಯ ಪ್ರಯೋಗದಿಂದ ಪ್ರೇರಣೆ ಪಡೆದು 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ‘ನಲಿ-ಕಲಿ’ ಶುರುವಾಯಿತು. 2009-10ರಲ್ಲಿ ರಾಜ್ಯದ ಎಲ್ಲ ಕನ್ನಡ ಮಾಧ್ಯಮ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಬಂತು. ಇಲ್ಲಿ ಅಆಇಈ ಎಂದು ಬಾಯಿಪಾಠ ಮಾಡಿಸುವುದಿಲ್ಲ. ಮಕ್ಕಳು ಕಾರ್ಡು ಹಿಡಿದು ಗುಂಪಿನಲ್ಲಿ ಕೂತು, ಕಲಿಕಾ ಏಣಿಯ ಒಂದೊಂದೇ ಮೆಟ್ಟಿಲು ಹತ್ತುತ್ತಾರೆ. ಎರಡು ತಿಂಗಳು ಶಾಲೆ ತಪ್ಪಿದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಕೂಲಿಗಾಗಿ ಮಂಗಳೂರಿಗೆ ಬಂದು ಹೋಗುವ ಗದಗ ಸೀಮೆಯ ಕುಟುಂಬಗಳ ಮಕ್ಕಳಿಗೆ ಇದು ಸಣ್ಣ ವಿಷಯವಲ್ಲ.

ಅಕ್ಷರಗಳ ಕ್ರಮವೂ ಬೇರೆ. ಮೊದಲು ರ, ಗ, ಸ, ದ, ಅ. ಈ ಐದೇ ಅಕ್ಷರದಲ್ಲಿ ಅರಸ, ಅಗಸ, ಗರಗಸ ಓದಬಹುದು. ಬಸ್ಸಿನ ಬೋರ್ಡಿನ ಮೇಲಿನ ‘ಗದಗ’ವನ್ನೂ ಓದಬಹುದು! ಮುಂದಿನ ಐದು ಜ, ವ, ಮ, ಬ, ನ. ಇವಿಷ್ಟು ಬಂದರೆ ‘ಮದರಸ’ ಎಂದು ಬರೆಯಲು ಕಾಗುಣಿತವೂ ಬೇಡ. ಮಗು ದಿನಾ ಕಾಣುವ, ಹೇಳುವ ಮಾತು ಅಕ್ಷರವಾಗಿ ಎದುರು ನಿಂತಾಗ ಓದು ಅದರ ಸ್ವಂತದ್ದಾಗುತ್ತದೆ.

ಮನೆಯಲ್ಲೇ ಮಾಡಿ ನೋಡಿ

ಹಿಟ್ಟು, ಮಣ್ಣು: ಗದಗ ಕಡೆ ಮಣ್ಣೆತ್ತಿನ ಅಮಾವಾಸ್ಯೆಗೆ ಎರೆ ಮಣ್ಣಿನಲ್ಲಿ ಎತ್ತು ಮಾಡುತ್ತಾರೆ. ಅದೇ ಮಣ್ಣಿನಲ್ಲಿ ಅಕ್ಷರವನ್ನೂ ಮಾಡಬಹುದು. ನಮ್ಮಲ್ಲಿ ಉಮ್ಮ ಪತ್ತಿರ್ ತಟ್ಟುವಾಗ ಒಂದು ಉಂಡೆ ಹಿಟ್ಟು ಮಗುವಿಗೂ ಕೊಡಲಿ. ‘ಮ’ ಮಾಡಿದ ಮೇಲೆ ಬರೆಯುವ ದಿಕ್ಕಿನಲ್ಲೇ ಅದರ ಮೇಲೆ ಬೆರಳಾಡಿಸಿ, ಜೋರಾಗಿ ಹೇಳಲಿ.

ಬ, ಬಿ, ಬು: ಮದರಸದಲ್ಲಿ ಫತ್‌ಹ್, ಕಸ್ರ್, ಳಮ್ಮ್ ಕಲಿತ ಮಗುವಿಗೆ (ಗದಗದ ಮಕ್ಕಳಿಗೆ ಅದು ಜಬರ್, ಜೇರ್, ಪೇಶ್) ಚಿಹ್ನೆ ಬದಲಾದರೆ ಸ್ವರ ಬದಲಾಗುತ್ತದೆ ಎಂಬುದು ಗೊತ್ತೇ ಇದೆ. ಕನ್ನಡದ ಗುಡಿಸು, ಕೊಂಬು ಮಾಡುವ ಕೆಲಸವೂ ಅದೇ. ಹಳೆಯ ಮದುವೆ ಕಾಗದ ಕತ್ತರಿಸಿ ಎರಡರ ಕಾರ್ಡು ಮಾಡಿ, ಜೋಡಿ ಹುಡುಕುವ ಆಟ ಆಡಿಸಿ. ಅರಬಿ ಬಲದಿಂದ, ಕನ್ನಡ ಎಡದಿಂದ ಎನ್ನುವುದನ್ನು ಬಾಣದ ಗುರುತು ಹಾಕಿ ತೋರಿಸಿದರೆ ಸಾಕು.

ಮಗುವಿನದ್ದೇ ಪುಸ್ತಕ: ಹಳೆ ಕ್ಯಾಲೆಂಡರಿನ ಹಾಳೆಯನ್ನು ಎರಡು ಸಲ ಮಡಚಿ, ಮೇಲಂಚು ಕತ್ತರಿಸಿ ಹೊಲಿದರೆ ಎಂಟು ಪುಟ. ಮಗು ಬ್ಯಾರಿಯಲ್ಲೇ ಕಥೆ ಹೇಳಲಿ, ದೊಡ್ಡವರು ಕನ್ನಡ ಲಿಪಿಯಲ್ಲಿ ಬರೆಯಲಿ, ಚಿತ್ರ ಮಗುವಿನದ್ದು. ನಾಳೆ ಅದನ್ನೇ ಅದು ಓದಲಿ. ಬ್ಯಾರಿ ಸಾಹಿತ್ಯ ಬಹುಪಾಲು ಬೆಳೆದದ್ದೂ ಕನ್ನಡ ಲಿಪಿಯಲ್ಲೇ ಅಲ್ವಾ?

ಒಂದು ಎಚ್ಚರ ಬೇಕು. ‘ಪ್ರಾಜೆಕ್ಟ್’ ಎಂದು ರಾತ್ರಿ ಹತ್ತು ಗಂಟೆಗೆ ತಾಯಿ ಬಣ್ಣದ ಕಾಗದ ಅಂಟಿಸಿ ಕಳಿಸಿದರೆ ಕಲಿತದ್ದು ತಾಯಿ. ಕೈ ಮಗುವಿನದ್ದೇ ಆಗಿರಬೇಕು. ಯಾವ ಆಟವೇ ಆಗಲಿ, ಕೊನೆಗೆ ಒಂದು ಪದ ಓದಿ, ಒಂದು ಪದ ಬರೆದು ಮುಗಿಯಬೇಕು. ಇಲ್ಲದಿದ್ದರೆ ಅದು ಬರೀ ಆಟ.

ಕನ್ನಡ ಪರರದ್ದಲ್ಲ

‘ಮನೆಯಲ್ಲಿ ಬ್ಯಾರಿ ಬಿಡಿ, ಕನ್ನಡ ಬರ್ತದೆ’ ಎನ್ನುವವರಿದ್ದಾರೆ. ಆದರೆ ಮನೆಮಾತು ಅಡ್ಡಿಯಲ್ಲ, ಅದೇ ಏಣಿಯ ಮೊದಲ ಮೆಟ್ಟಿಲು. ಕವಿರಾಜಮಾರ್ಗ ಕನ್ನಡದ ತಿರುಳೆಂದು ಗುರುತಿಸಿದ ನಾಡಿನಲ್ಲಿ ಪುಲಿಗೆರೆಯೂ ಒಂದು. ಅದೇ ಇಂದಿನ ಲಕ್ಷ್ಮೇಶ್ವರ. ಅದೇ ಸೀಮೆಯ ಶಿಶುವಿನಹಾಳದ ಷರೀಫರು ಕೆಲಕಾಲ ಕನ್ನಡ ಶಾಲೆಯ ಮಾಸ್ತರರಾಗಿದ್ದವರು. ಅವರ ತತ್ವಪದಗಳನ್ನು ಇಡೀ ನಾಡು ಹಾಡುತ್ತಿದೆ.

ಗ್ರಾಮ ಪಂಚಾಯತ್ ಗ್ರಂಥಾಲಯಗಳಲ್ಲಿ 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಈ ಭಾನುವಾರ ಮಗುವನ್ನು ಅಲ್ಲಿಗೆ ಕರೆದೊಯ್ದು ಹೆಸರು ನೋಂದಾಯಿಸಿ. ದಿನಕ್ಕೆ ಕಾಲು ಗಂಟೆ, ಮೊಬೈಲ್ ಬದಿಗಿಟ್ಟು, ಮಗುವಿನ ಪಕ್ಕ ಕೂತರೆ ಸಾಕು. ಓದು ಬಾರದ ಉಮ್ಮಂದಿರೂ ಕೂರಬಹುದು. ಮಗು ಓದಲಿ, ಉಮ್ಮ ಕೇಳಲಿ. ಕೇಳುವವರಿದ್ದರೆ ಓದುವ ಮಕ್ಕಳಿಗೆ ಹುರುಪು.