ಗಾಲಿಯ ಬಣ್ಣ: ಪುಡಿಯೋ ಕುಂಚವೋ?

ಕಬ್ಬಿಣಕ್ಕೆ ಹಿಡಿಯುವುದನ್ನು ನಾವು ತುಕ್ಕು ಎನ್ನುತ್ತೇವೆ. ತಾಮ್ರ ಹಿತ್ತಾಳೆಗಳಿಗೆ ಹಿಡಿಯುವುದನ್ನು ಕಿಲುಬು ಎನ್ನುತ್ತೇವೆ. ಎರಡನ್ನೂ ಒಂದೇ ಹೆಸರಿನಿಂದ ಕರೆಯದೆ ಹೋದ ನಮ್ಮ ಹಿರಿಯರ ವಿವೇಕವನ್ನು ಮೆಚ್ಚಬೇಕು. ಕಿಲುಬು ತಾಮ್ರಕ್ಕೆ ಅಂಟಿಕೊಂಡು, ಒಳಗಿನ ಲೋಹಕ್ಕೆ ತಕ್ಕಮಟ್ಟಿಗೆ ಹೊದಿಕೆಯಾಗುತ್ತದೆ. ತುಕ್ಕಿನ ಸ್ವಭಾವ ಬೇರೆ. ಅದು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಉಬ್ಬುತ್ತದೆ, ಹಕ್ಕಳೆಗಟ್ಟಿ ಉದುರುತ್ತದೆ. ಉದುರಿದ ಕಡೆಯಿಂದ ನೀರಿಗೂ ಗಾಳಿಗೂ ಮತ್ತೆ ದಾರಿ. ಆದುದರಿಂದ ಕಬ್ಬಿಣಕ್ಕೆ ಹೊದಿಕೆಯನ್ನು ನಾವೇ ಹೊರಗಿನಿಂದ ಹೊದಿಸಬೇಕು. ಆ ಹೊದಿಕೆ ಯಾವುದಾಗಿರಬೇಕು ಎಂಬುದೇ ಇಂದಿನ ವಿಚಾರ.

ಚಳ್ಳಕೆರೆ, ಮೊಳಕಾಲ್ಮೂರುಗಳು ರಾಜ್ಯದಲ್ಲಿ ತೀರ ಕಡಿಮೆ ಮಳೆ ಕಾಣುವ ತಾಲ್ಲೂಕುಗಳ ಸಾಲಿನವು. ಇಂಥ ಒಣ ಸೀಮೆಯಲ್ಲಿ ತುಕ್ಕಿನ ಮಾತೇಕೆ ಎಂದು ಯಾರಾದರೂ ಕೇಳಿಯಾರು. ಮನೆಯ ಕಿಟಕಿಯ ಸರಳಿಗೆ ಆ ಮಾತು ಒಪ್ಪುತ್ತದೆ; ಟ್ರ್ಯಾಕ್ಟರಿನ ಗಾಲಿಗೆ ಒಪ್ಪುವುದಿಲ್ಲ. ಹಿಡಿತ ಸಾಲದೆಂದು ಹಿಂದಿನ ಟೈರುಗಳಿಗೆ ನೀರು ತುಂಬಿಸುವ ರೂಢಿಯುಂಟು. ಟ್ಯೂಬು ಜಿನುಗಿದರೆ ಆ ನೀರು ರಿಮ್ಮಿನ ಒಳಮೈಯಲ್ಲಿ ನಿಂತು, ವಾಲ್ವಿನ ರಂಧ್ರದ ಸುತ್ತ ಮೊದಲು ತಿನ್ನತೊಡಗುತ್ತದೆ. ಶೇಂಗಾ ಹೊಲಕ್ಕೆ ಹಾಕುವ ಜಿಪ್ಸಮ್ಮು, ರಸಗೊಬ್ಬರ, ಕೊಟ್ಟಿಗೆಯ ಗೊಬ್ಬರ ಇವು ಮೆತ್ತಿಕೊಂಡಲ್ಲಿ ತೇವ ಬಹುಕಾಲ ಆರದು. ಹೊರಗೆ ಬಣ್ಣ ಹೊಳೆಯುತ್ತಿರುವಾಗಲೇ ಒಳಗೆ ರಿಮ್ಮು ಹಪ್ಪಳವಾಗಿರುತ್ತದೆ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ತೋಟದ ಸಾಲುಗಳ ನಡುವೆ ಓಡಾಡುವ ಸಣ್ಣ ಟ್ರ್ಯಾಕ್ಟರುಗಳೂ ಟಿಲ್ಲರುಗಳೂ ಈಗ ಸಾಕಷ್ಟು ಹಳತಾಗಿವೆ. ಬೆಂಗಳೂರಿನಲ್ಲಿ 1967ರಲ್ಲಿ ಸ್ಥಾಪನೆಯಾದ ವಿ.ಎಸ್.ಟಿ. ಸಂಸ್ಥೆ ಜಪಾನಿನ ಮಿತ್ಸುಬಿಷಿಯ ಸಹಯೋಗದಿಂದ ಟಿಲ್ಲರುಗಳನ್ನು ಮಾಡಿ ಅವನ್ನು ನಮ್ಮ ರೈತರಿಗೆ ಪರಿಚಿತವಾಗಿಸಿತು. ತಂದೆಯ ಕಾಲದ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸು ಬಾರದೆ ಅದನ್ನು ಹೊಸದು ಮಾಡಿಸುವ ಮಕ್ಕಳು ಇಂದು ಕೇಳುವ ಪ್ರಶ್ನೆ ಒಂದೇ: ಗಾಲಿಗೆ ಹಿಂದಿನಂತೆ ಬಣ್ಣ ಹೊಡೆಸಬೇಕೋ, ಪೌಡರ್ ಕೋಟಿಂಗ್ ಮಾಡಿಸಬೇಕೋ?

ಕುಂಚದಿಂದಲೋ ಗನ್ನಿನಿಂದಲೋ ಬಳಿಯುವ ಬಣ್ಣದ ಬೇರು ಎಣ್ಣೆಯಲ್ಲಿದೆ. ಎಣ್ಣೆ ಎಂಬ ಶಬ್ದವೇ ಎಳ್ಳಿನ ನೆಯ್ ಎಂಬುದರಿಂದ ಬಂದದ್ದು. ಆದರೆ ಎಲ್ಲ ಎಣ್ಣೆಯೂ ಬಣ್ಣಕ್ಕೆ ಒದಗುವುದಿಲ್ಲ. ಚಳ್ಳಕೆರೆಯನ್ನು ಎಣ್ಣೆಯ ಊರೆಂದು ನಾಡಿಗೆಲ್ಲ ಪ್ರಸಿದ್ಧಿಪಡಿಸಿದ ಶೇಂಗಾ ಎಣ್ಣೆ ತಿಂಗಳುಗಟ್ಟಲೆ ತೆರೆದಿಟ್ಟರೂ ಗಟ್ಟಿ ಪೊರೆಯಾಗದು. ಅಗಸೆ ಎಣ್ಣೆ ಹಾಗಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ ಹೆಪ್ಪುಗಟ್ಟುತ್ತದೆ. ಇಂದಿನ ಸಿಂಥೆಟಿಕ್ ಎನಾಮೆಲ್ಲಿನ ಅಂಟೂ ಇಂಥ ಒಣಗುವ ಎಣ್ಣೆಗಳಿಂದಲೇ ಮಾರ್ಪಟ್ಟದ್ದು. ಮೊದಲು ಥಿನ್ನರು ಆರಿ ಹೋಗುತ್ತದೆ, ಆಮೇಲೆ ಪೊರೆ ನಿಧಾನವಾಗಿ ಗಟ್ಟಿಯಾಗುತ್ತದೆ. ಆರಿತು ಎಂದು ಬೆರಳಿಗೆ ತೋರಿದರೂ ಒಳಗೆ ಅದು ಪೂರ್ತಿ ಪಕ್ವವಾಗಲು ಹಲವು ದಿನ ಬೇಕು. ಆ ಸಹನೆಯಿಲ್ಲದವರು ಮರುದಿನವೇ ಟೈರು ಹತ್ತಿಸಿ ಬಣ್ಣವನ್ನು ಕೆತ್ತಿಸಿಕೊಳ್ಳುತ್ತಾರೆ.

ಪುಡಿಬಣ್ಣದಲ್ಲಿ ಥಿನ್ನರೇ ಇಲ್ಲ. ರಾಳ ಮತ್ತು ಬಣ್ಣದ ನುಣುಪಾದ ಪುಡಿಗೆ ಗನ್ನಿನ ಮೂಲಕ ವಿದ್ಯುದಂಶ ಕೊಟ್ಟು ತೂರುತ್ತಾರೆ. ನೆಲಕ್ಕೆ ತಂತಿ ಕೊಟ್ಟ ಲೋಹ ಅದನ್ನು ಸೆಳೆದುಕೊಳ್ಳುತ್ತದೆ. ಬಳಿಕ ಗಾಲಿಯನ್ನು ಒಲೆಯಲ್ಲಿಟ್ಟು, ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹತ್ತಿಪ್ಪತ್ತು ನಿಮಿಷ ಬೇಯಿಸಿದರೆ ಪುಡಿ ಕರಗಿ, ಹರಡಿ, ಒಂದೇ ಪೊರೆಯಾಗಿ ಬಿಗಿಯುತ್ತದೆ. ಎನಾಮೆಲ್ಲಿನ ಒಂದು ಕೈ ಒಣಗಿದಾಗ 25-30 ಮೈಕ್ರಾನು ಬಂದರೆ, ಇಲ್ಲಿ ಒಂದೇ ಸಲಕ್ಕೆ 60-80 ಮೈಕ್ರಾನು ಕೂಡುತ್ತದೆ. ಕಲ್ಲು ನೆಲದ ತರಚುಗಳನ್ನು ಅದು ಎನಾಮೆಲ್ಲಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ಬಿಸಿಲಿಗೆ ನಿಲ್ಲುವ ಗಾಲಿಗೆ ಪಾಲಿಯೆಸ್ಟರ್ ಪುಡಿಯೇ ಆಗಬೇಕು. ಬರಿಯ ಎಪಾಕ್ಸಿ ಪುಡಿ ನಮ್ಮ ಬೇಸಗೆಯಲ್ಲಿ ಸುಣ್ಣದಂತೆ ಬಿಳಿಚಿಕೊಳ್ಳುತ್ತದೆ.

ಮೊಳಕಾಲ್ಮೂರಿನ ರೇಷ್ಮೆ ನೂಲಿಗೆ ನೇಯುವ ಮೊದಲೇ ಬಣ್ಣ ಕಟ್ಟುತ್ತಾರೆ. ಎಳೆಯ ಒಳಗೆ ಬಣ್ಣ ಏರುತ್ತದೆ. ಕಬ್ಬಿಣಕ್ಕೆ ಬಣ್ಣ ಏರುವುದಿಲ್ಲ, ಮೇಲೆ ಕೂರುತ್ತದೆ, ಅಷ್ಟೆ. ಆದುದರಿಂದ ಪುಡಿಯಾಗಲಿ ಎನಾಮೆಲ್ಲಾಗಲಿ, ಕೂರುವ ಪೀಠ ಶುದ್ಧವಾಗಿರಬೇಕು. ನಮ್ಮ ಪೇಟೆಯ ಪೇಂಟರೊಬ್ಬರು ಬಣ್ಣಕ್ಕೆ ಕೇಳುವ ಕೂಲಿಗಿಂತ ತುಕ್ಕು ಕೆರೆಯುವುದಕ್ಕೆ ಹೆಚ್ಚು ಕೇಳುತ್ತಾರೆ. ಜನ ಅವರೊಡನೆ ಜಗಳವಾಡುತ್ತಾರೆ. ನನಗೆ ಅವರ ಲೆಕ್ಕವೇ ಸರಿಯೆನ್ನಿಸುತ್ತದೆ.

ಹಳೆಯ ಗಾಲಿಗೆ ಪುಡಿಬಣ್ಣ ಒಡ್ಡುವ ತೊಡಕುಗಳು ಕೆಲವುಂಟು. ತುಕ್ಕು ತಿಂದ ಗುಳಿಗಳಿಗೆ ಮೆತ್ತುವ ಸಾಮಾನ್ಯ ಪಟ್ಟಿ ಒಲೆಯ ಶಾಖಕ್ಕೆ ನಿಲ್ಲದು. ಗುಳಿ ಗುಳಿಯಾಗಿಯೇ ಕಾಣುತ್ತದೆ. ಎರಕದ ಕಬ್ಬಿಣದ ರಂಧ್ರಗಳಲ್ಲಿ ಅಡಗಿದ ಗಾಳಿ, ಜಿಡ್ಡು ಒಲೆಯಲ್ಲಿ ಹೊರಬಂದು ಪೊರೆಯಲ್ಲಿ ಸೂಜಿತೂತು ಮಾಡುತ್ತವೆ. ರಿಮ್ಮು, ಡಿಸ್ಕು ಕೂಡುವ ಇಕ್ಕಟ್ಟಿನ ಮೂಲೆಗಳಿಗೆ ಪುಡಿ ಸರಿಯಾಗಿ ತಲುಪುವುದಿಲ್ಲ. ತುಕ್ಕು ಹುಟ್ಟುವುದೂ ಅಲ್ಲೇ. ಒಮ್ಮೆ ಅಂಚು ಒಡೆದು ನೀರು ನುಗ್ಗಿದರೆ ಪೊರೆಯ ಅಡಿಯಲ್ಲೇ ತುಕ್ಕು ಹರಿದು, ಹಾಳೆ ಹಾಳೆಯಾಗಿ ಎದ್ದು ಬರುತ್ತದೆ. ಅದನ್ನು ಹೊಲದ ಬದುವಿನಲ್ಲಿ ಕುಳಿತು ಸರಿಪಡಿಸಲಾಗದು. ಎನಾಮೆಲ್ಲಾದರೆ ತಂತಿ ಬ್ರಷ್ಷು, ಸ್ವಲ್ಪ ರೆಡ್ ಆಕ್ಸೈಡು, ಒಂದು ಚಿಕ್ಕ ಡಬ್ಬಿ ಇದ್ದರೆ ರೈತನೇ ತೇಪೆ ಹಾಕಿಯಾನು. ಸಂಪೂರ್ಣ ಬಿಚ್ಚಿ, ಟೈರು, ಟ್ಯೂಬು, ಬೇರಿಂಗು, ಗ್ರೀಸು ಎಲ್ಲ ತೆಗೆದಲ್ಲದೆ ಒಲೆಗೆ ಕೊಡುವಂತಿಲ್ಲ ಎಂಬುದು ಬೇರೆ. ಟೈರಿನೊಡನೆ ರಿಮ್ಮನ್ನು ಕಾಯಿಸುವುದು, ವೆಲ್ಡು ಮಾಡುವುದು ಪ್ರಾಣಾಂತಿಕ. ಗಾಳಿ ಬಿಟ್ಟಿದ್ದರೂ ಟೈರು ಸಿಡಿದೀತು.

ಹಳೆಯ ಬಣ್ಣವನ್ನು ಕೆರೆಯುವವರ ವಿಷಯದಲ್ಲಿ ಒಂದು ಮಾತು. ಮನೆಬಳಕೆಯ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂದು ನಮ್ಮಲ್ಲಿ ನಿಯಮವಾದದ್ದು 2016ರಲ್ಲಿ. ಅದಕ್ಕೂ ಹಿಂದಿನ ಯಂತ್ರದ ಬಣ್ಣದಲ್ಲಿ ಸೀಸವಿದ್ದೀತೆಂದೇ ತಿಳಿದು ನಡೆಯಬೇಕು. ಒಣಗಿದ್ದಾಗ ಉಜ್ಜಿದರೆ ಏಳುವ ಧೂಳು ಕೆಲಸದವರ ಎದೆಗೂ ಅಂಗಳದಲ್ಲಿ ಆಡುವ ಮಕ್ಕಳ ಹೊಟ್ಟೆಗೂ ಸೇರುತ್ತದೆ. ನೀರು ಹಾಕಿ ಉಜ್ಜಬೇಕು, ಮೂಗಿಗೆ ಧೂಳು ತಡೆಯುವ ಮಾಸ್ಕು ಕಟ್ಟಬೇಕು, ಕೆರೆದದ್ದನ್ನು ತಿಪ್ಪೆಗೆ ಎಸೆಯಬಾರದು.

ಹಾಗಾದರೆ ಯಾವುದು? ಮೆರವಣಿಗೆಗೆ, ಪ್ರದರ್ಶನಕ್ಕೆ, ಅಂಗಳದ ಶೋಭೆಗೆ ನಿಲ್ಲುವ ಯಂತ್ರವಾದರೆ, ರಿಮ್ಮು ಗಟ್ಟಿಯಾಗಿದ್ದರೆ, ಪುಡಿಬಣ್ಣ ಧಾರಾಳವಾಗಿ ಮಾಡಿಸಬಹುದು. ಇನ್ನೂ ಉಳುವ ಯಂತ್ರಕ್ಕೆ, ಗುಳಿಬಿದ್ದ ಗಾಲಿಗೆ, ಝಿಂಕ್ ಫಾಸ್ಫೇಟ್ ಪ್ರೈಮರಿನ ಮೇಲೆ ಎರಡು ಕೈ ಎನಾಮೆಲ್ಲೇ ನನ್ನ ಮತ. ರಿಮ್ಮಿನ ಒಳಮೈಯನ್ನೂ ಬಿಡದೆ ಬಳಿಯಬೇಕು. ಯಾರೂ ನೋಡದ ಆ ಭಾಗವನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ.

ಬಣ್ಣಕ್ಕೆ ಮೊದಲು ಬರಿಗಬ್ಬಿಣವನ್ನು ಹಗಲು ಬೆಳಕಿನಲ್ಲಿ, ನಟ್ಟಿನ ರಂಧ್ರಗಳ ಸುತ್ತ ಮತ್ತು ವೆಲ್ಡಿನ ಸಾಲಿನಲ್ಲಿ ಪರೀಕ್ಷಿಸಬೇಕು. ಕೂದಲೆಳೆಯ ಬಿರುಕು ಕಂಡರೆ ಆ ಗಾಲಿಗೆ ಯಾವ ಬಣ್ಣವೂ ಬೇಡ, ಬೇರೆ ಗಾಲಿ ಬೇಕು. ದಪ್ಪ ಪೊರೆ ಇಂಥ ಬಿರುಕನ್ನು ಸೊಗಸಾಗಿ ಮುಚ್ಚಿಬಿಡುತ್ತದೆ. ನಟ್ಟು ಕೂರುವ ತಾಣದಲ್ಲಿ ಪುಡಿಯ ಪೊರೆ ಇರಲೇಬಾರದು. ಬಿಗಿತದಡಿ ಆ ಪೊರೆ ಜಜ್ಜಿ ತೆಳುವಾದಾಗ ನಟ್ಟು ಸಡಿಲವಾಗುತ್ತದೆ, ಲೋಡು ಹೊತ್ತ ಟ್ರೈಲರನ್ನು ಎಳೆಯುವಾಗ ಗಾಲಿ ಕಳಚಿಕೊಳ್ಳುತ್ತದೆ. ಒಲೆಗೆ ಕೊಡುವ ಮುನ್ನವೇ ಆ ತಾಣಗಳನ್ನು ಶಾಖ ತಡೆಯುವ ಟೇಪಿನಿಂದ ಮುಚ್ಚಿಸಿ. ಗಾಲಿ ಹಾಕಿದ ಮೇಲೆ ಮೊದಲ ದಿನದ ಕೆಲಸ ಮುಗಿದಾಗ ಒಮ್ಮೆ, ವಾರ ಕಳೆದು ಇನ್ನೊಮ್ಮೆ ಸ್ಪ್ಯಾನರು ಹಿಡಿದು ನಟ್ಟುಗಳನ್ನೆಲ್ಲ ಬಿಗಿದು ನೋಡಿ.